ಅಮ್ಮನ ಗ್ರೀನ್ ಕಾರ್ಡು, ನಮ್ಮನೆ ನಲ್ಲಿ ನೀರು

ನಮ್ಮಮ್ಮ ಇನ್ನೂ ಹುಟ್ಟೇ ಇಲ್ಲ!

ಹಾಗಂತ ಹೇಳುತ್ತಿರುವುದು ನಾನಲ್ಲ. ಸರ್ಕಾರವೇ ಸಹಿ ಮಾಡಿ, ಗುಂಡನೆಯ ಸೀಲು ಒತ್ತಿ, 'ಸದರಿಯವರ ಜನನವು ನಮ್ಮ ದಾಖಲೆಗಳಲ್ಲಿ ಕಂಡುಬಂದಿರುವುದಿಲ್ಲ' ಎಂದು ಬರೆದುಕೊಟ್ಟಿದೆ. ಆ ಒಂದು ಸಾಲಿಗಾಗಿ ತುಮಕೂರಿನಿಂದ ಗುಬ್ಬಿಗೆ ಏಳು ಸಲ ಬಸ್ಸು ಹತ್ತಿದ್ದೇನೆ. ಹುಟ್ಟಿದ್ದಕ್ಕೆ ಪುರಾವೆ ಹುಡುಕಿ ಜನ ಅಲೆಯುವುದನ್ನು ನೋಡಿದ್ದೆ; ಹುಟ್ಟಿಲ್ಲ ಎನ್ನುವುದಕ್ಕೂ ಅಲೆಯಬೇಕೆಂದು ಗೊತ್ತಿರಲಿಲ್ಲ. ಹಾಗಂತ ಯಾರನ್ನೂ ದೂರುವ ಬಾಯಿ ನನಗಿಲ್ಲ. ಸಹಕಾರ ಸಂಘವೊಂದರ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷದಿಂದ ನಾನೂ ಕಿಟಕಿಯ ಆ ಕಡೆ ಕೂತು 'ಸೋಮವಾರ ಬನ್ನಿ' ಎಂದವನೇ. ಬಿತ್ತಿದ್ದೇ ತಾನೇ ಬೆಳೆಯುವುದು!

ಇದಕ್ಕೆಲ್ಲ ಮೂಲ ನಮ್ಮಕ್ಕ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸು, ಈಗ ಅಲ್ಲಿಯ ಪ್ರಜೆಯೂ ಹೌದು. ಅಪ್ಪ ತೀರಿಕೊಂಡ ಮೇಲೆ ಹದಿನೈದು ವರ್ಷ ಅಮ್ಮ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲೇ ಇದ್ದಳು. ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರಲೆಂದು ವಿಮಾನ ಹತ್ತಿಸಿದೆ. ಎರಡನೇ ತಿಂಗಳಿಗೇ ಅಕ್ಕನ ಫೋನು.

"ಹದಿನೈದು ವರ್ಷ ನೀನ್ ಇಟ್ಕೊಂಡಿದೀಯ ಕಣೋ, ಇನ್ಮೇಲೆ ನನ್ ಸರದಿ. ಅಮ್ಮಂಗೆ ಗ್ರೀನ್ ಕಾರ್ಡ್ ಮಾಡಿಸ್ತೀನಿ, ಇಲ್ಲೇ ಇರ್ಲಿ. ನೀನ್ ಪೇಪರ್ಸ್ ಕಳಿಸ್ಕೊಡು, ಅಷ್ಟು ಸಾಕು."

ಅರ್ಜಿ ಹಾಕಿದ ಮೇಲೆ ತೀರ್ಮಾನ ಆಗುವ ತನಕ ಅಮ್ಮ ಆ ದೇಶ ಬಿಟ್ಟು ಬರುವಂತಿಲ್ಲವಂತೆ. "ಆಗ್ಲಿ ಬಿಡು" ಅಂದೆ. ಬೇಡ ಎನ್ನಲು ನಾನ್ಯಾರು? ಅವಳಿಗೂ ಅಮ್ಮನೇ ಅಲ್ಲವೇ? ಜೊತೆಗೆ, ನಿಜ ಹೇಳಿಬಿಡುತ್ತೇನೆ, ಒಳಗೊಳಗೇ ಸ್ವಲ್ಪ ಹಗುರವೂ ಆಯಿತು. ಅದಕ್ಕೆ ಕಾರಣ ಒಂದು ಸ್ಟೀಲ್ ಲೋಟ.

ನಮ್ಮ ಬೀದಿಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಎಷ್ಟು ಹೊತ್ತಿಗೆ ಎನ್ನುವುದು ಆ ನೀರಿಗೂ ಗೊತ್ತಿರುವುದಿಲ್ಲ. ನೀರು ಬಿಡುವವನ ಮಾತನ್ನು ಅಮ್ಮ ನಂಬುವವಳಲ್ಲ, ನನ್ನ ಮಾತನ್ನಂತೂ ಮೊದಲೇ ನಂಬುವವಳಲ್ಲ. ಅವಳು ನಂಬಿದ್ದು ಲೋಟವನ್ನು. ಸಂಪಿನ ಪಕ್ಕದ ನಲ್ಲಿಯನ್ನು ತಿರುಗಿಸಿಯೇ ಬಿಟ್ಟು, ಅದರ ಕೆಳಗೆ ಲೋಟವನ್ನು ಮಗುಚಿ ಇಡುತ್ತಿದ್ದಳು. ಮೊದಲ ಹನಿ ಬಿದ್ದ ಕೂಡಲೇ ಠಣ್! ಠಣ್ ಎಂದರೆ ಅಮ್ಮ ಎದ್ದಳು, ಅಮ್ಮ ಎದ್ದರೆ ಮನೆಯೇ ಎದ್ದಿತು. ಸಂಪು, ಡ್ರಮ್ಮು, ಬಿಂದಿಗೆ, ಕುಕ್ಕರು, ಕೊನೆಗೆ ನನ್ನ ಟಿಫನ್ ಬಾಕ್ಸು ಕೂಡ ತುಂಬಲೇಬೇಕು.

"ಏಳ್ಲಾ, ಗಂಗಮ್ಮ ಬಾಗ್ಲಿಗೆ ಬಂದವ್ಳೆ, ನೀನ್ ನೋಡಿದ್ರೆ ಬಿದ್ಕೊಂಡಿದೀಯ!"

ಒಂದು ಸಲ ಮನೆಯಲ್ಲಿ ಪೂಜೆ. ಐನೋರು ಮಂಗಳಾರತಿ ಎತ್ತಿ ಗಂಟೆ ಬಾರಿಸುತ್ತಿದ್ದಾರೆ, ಜಾಗಟೆ ಬೇರೆ. ಅಷ್ಟು ಗದ್ದಲದಲ್ಲಿ ಅಂಗಳದ ಲೋಟ ಠಣ್ ಎಂದದ್ದು ಅಮ್ಮನಿಗೆ ಕೇಳಿಸಿತು! ಕೈಮುಗಿದದ್ದನ್ನು ಅರ್ಧಕ್ಕೇ ಬಿಟ್ಟು ಬಿಂದಿಗೆ ಹಿಡಿದು ಓಡಿದಳು. ಐನೋರೂ ಸುಮ್ಮನಿರದೆ, "ನಮ್ದೂ ಒಂದು ಕ್ಯಾನ್ ಇದೆ, ತುಂಬ್ಕೊಡಿ ತಾಯಿ" ಎಂದರು.

ಇಂಥವಳು ಅಮೆರಿಕಕ್ಕೆ ಹೋದರೆ ಬದಲಾಗುತ್ತಾಳೆಯೇ? ಹೋದ ಮೊದಲ ವಾರದಲ್ಲೇ ಅಕ್ಕ ಡ್ಯೂಟಿ ಮುಗಿಸಿ ಬಂದು ನೋಡಿದರೆ ಬಾತ್‌ಟಬ್ಬು ತುಂಬಿ ತುಳುಕುತ್ತಿದೆ, ಪಾತ್ರೆ ಪಗಡವೆಲ್ಲ ತುಂಬಿ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ.

"ಇಲ್ಲಿ ದಿನಾ ನೀರು ಬರುತ್ತೆ ಕಣಮ್ಮ!"

"ಎಷ್ಟೊತ್ಗೆ?"

"ಯಾವಾಗ್ಲೂ!"

"ಹೊತ್ತುಗೊತ್ತಿಲ್ದೆ ಬರೋ ನೀರ್ನ ನಂಬ್ಬಾರ್ದು ಕಣೇ."

ದಿನಾ ಬೆಳಿಗ್ಗೆ, ಅಂದರೆ ಅವರ ಸಂಜೆಗೆ, ಅಮ್ಮ ನನಗೆ ಫೋನು ಮಾಡುವಳು. ಹೇಗಿದ್ದೀಯ, ಊಟ ಆಯಿತಾ, ಯಾವುದೂ ಇಲ್ಲ. ಎತ್ತಿದ ಕೂಡಲೇ "ನೀರು ಬಂತಾ?" ಬಂತು ಎಂದರೆ "ಡ್ರಮ್ ತೊಳ್ದು ತುಂಬಿದ್ರಾ?" ಅಷ್ಟೇ. ಆ ಎರಡು ಪ್ರಶ್ನೆಗಳ ನಡುವೆ ಸಂದು ನೋಡಿ ನಾನು ನನ್ನ ಪ್ರಶ್ನೆ ತೂರಿಸಬೇಕು.

"ಅಮ್ಮ, ನೀನ್ ಹುಟ್ಟಿದ್ದು ಯಾವಾಗ?"

"ಹುಣ್ಸೆಹಣ್ಣು ಬಡಿಯೋ ಕಾಲ್ದಲ್ಲಿ."

"ಹುಣ್ಸೆಹಣ್ಣು ಪ್ರತಿ ವರ್ಷ ಬಡೀತಾರಲ್ಲಮ್ಮ!"

"ನಾನ್ ಹುಟ್ಟಿದ್ದು ಒಂದೇ ಸಲ ಕಣ್ಲಾ. ಅವ್ರು ವರ್ಷಾವರ್ಷ ಬಡುದ್ರೆ ನಾನೇನ್ ಮಾಡ್ಲಿ?"

ದಾಖಲೆ ಇಲ್ಲವೆಂದ ಮೇಲೆ, ಅವಳಿಗಿಂತ ಹಿರಿಯರೊಬ್ಬರು ಅವಳ ಹುಟ್ಟನ್ನು ಬಲ್ಲೆನೆಂದು ಅಫಿಡವಿಟ್ ಕೊಡಬೇಕೆಂದರು ಅಕ್ಕ ಗೊತ್ತುಮಾಡಿದ್ದ ಅಮೆರಿಕದ ವಕೀಲರು. ಅದೇನು ಮಹಾ? ಗುಬ್ಬಿಯ ಹತ್ತಿರದ ಹಳ್ಳಿಯಲ್ಲಿ ಅಮ್ಮನ ಸ್ವಂತ ಅಣ್ಣ, ನನ್ನ ಸೋದರಮಾವ, ಗಟ್ಟಿಮುಟ್ಟಾಗಿದ್ದಾನೆ. ತೋಟದಲ್ಲಿ ಕಾಯಿ ಸುಲಿಸುತ್ತಿದ್ದವನನ್ನು ಎಬ್ಬಿಸಿಕೊಂಡು ನೋಟರಿಯ ಮುಂದೆ ಕೂರಿಸಿದೆ. ನೋಟರಿ ಇಬ್ಬರ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಕನ್ನಡಕ ತೆಗೆದರು. ಆಧಾರಿನ ಪ್ರಕಾರ ಅಣ್ಣ ತಂಗಿಗಿಂತ ಎರಡು ವರ್ಷ ಚಿಕ್ಕವನು! ಕಾರ್ಡು ಮಾಡಿಸುವಾಗ ಅಮ್ಮ ಅವಳ ಊರಿನಲ್ಲಿ ಅಂದಾಜಿಗೆ ಒಂದು ವಯಸ್ಸು ಹೇಳಿದ್ದಳು, ಮಾವ ಅವನ ಊರಿನಲ್ಲಿ ಅಂದಾಜಿಗೆ ಇನ್ನೊಂದು. ಆ ಎರಡು ಅಂದಾಜುಗಳು ಮುಖಾಮುಖಿಯಾದದ್ದು ಅವತ್ತೇ.

"ಸ್ವಾಮಿ, ಇವ್ಳ ತೊಟ್ಲು ತೂಗ್ದೋನೇ ನಾನು!" ಎಂದು ಮಾವ ಮೇಜು ಕುಟ್ಟಿದ.

"ನೀವ್ ಹುಟ್ಟೋಕ್ ಮುಂಚೆನಾ ಯಜಮಾನ್ರೇ?" ಎಂದರು ನೋಟರಿ.

ಮಾವ ಸಿಟ್ಟಾಗಿ ಎದ್ದು ಹೋದ. ಕೊನೆಗೆ ಅದೇ ಊರಿನ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿ, ನಮ್ಮಮ್ಮ ಹುಟ್ಟಿದ್ದಾಳೆಂದು ಜಗತ್ತಿಗೆ ಸಾರಿದರು.

ಮುಗಿಯಿತೇ? ಎಲ್ಲಿ! ಅಪ್ಪ ಅಮ್ಮನ ಮದುವೆಗೂ ಸಾಕ್ಷಿ ಬೇಕಂತೆ. ಇದ್ದದ್ದು ಒಂದೇ ಕಪ್ಪು ಬಿಳುಪು ಫೋಟೋ. ಕಳಿಸಿದೆ. ವಾರಕ್ಕೆ ಅಕ್ಕ ಗಾಬರಿಯಿಂದ ಫೋನು ಮಾಡಿದಳು. "ಗಂಡಿನ ಅಕ್ಕಪಕ್ಕ ಇಬ್ರು ಹೆಂಗಸ್ರು ಇದಾರಲ್ಲ, ಹೆಂಡ್ತಿ ಯಾರು ಅಂತ ಲಾಯರ್ ಕೇಳ್ತಿದಾರೆ ಕಣೋ. ಇಬ್ರೂ ಹೆಂಡ್ತೀರಾ ಅಂತಾನೂ ಕೇಳಿದ್ರು!"

ನಮ್ಮ ಕಡೆಯ ಮದುವೆ ಕಂಡವರಿಗೆ ಇದು ನಗೆಪಾಟಲು. ಗಂಡಿನ ಅಕ್ಕನೋ ತಂಗಿಯೋ ರೇಷ್ಮೆ ಸೀರೆ ಉಟ್ಟು, ಕಳಸ ಹಿಡಿದು, ಕಳಸಗಿತ್ತಿಯಾಗಿ ಮದುವೆಯುದ್ದಕ್ಕೂ ಅಂಟಿಕೊಂಡೇ ನಿಲ್ಲುತ್ತಾಳೆ. ಫೋಟೋ ತೆಗೆಯುವಾಗ ಮಾತ್ರ ಪಕ್ಕಕ್ಕೆ ಸರಿ ಎನ್ನಲು ಯಾರಿಗೆ ಧೈರ್ಯ? ಆದರೆ ಅದನ್ನು ಅಮೆರಿಕದ ವಕೀಲರಿಗೆ ತಿಳಿಸುವವರ್ಯಾರು? ಯಡಿಯೂರಿನಲ್ಲಿರುವ ನನ್ನ ಸೋದರತ್ತೆಯನ್ನು, ಅಂದರೆ ಆ ಕಳಸಗಿತ್ತಿಯನ್ನೇ, ಆಟೋದಲ್ಲಿ ಕುಣಿಗಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿಯ ನೋಟರಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: 'ಫೋಟೋದಲ್ಲಿ ಕಳಸ ಹಿಡಿದಿರುವವಳು ನಾನು. ವರನು ನನ್ನ ತಮ್ಮ. ನಾನು ಅವನ ಹೆಂಡತಿಯಲ್ಲ.'

ಅತ್ತೆ ಕೆಂಡವಾದಳು. "ಥೂ! ಒಡಹುಟ್ಟಿದೋನ್ ಕಣ್ಲಾ ಅವ್ನು! ಇದ್ನೂ ಬರ್ಕೊಡ್ಬೇಕಾ? ಅಕ್ಕ ಯಾರು ಹೆಂಡ್ತಿ ಯಾರು ಅಂತ ಗೊತ್ತಾಗ್ದೇ ಇರೋ ಅದ್ಯಾವ ದೇಸ್ವೋ!"

ಬೈಯುತ್ತಲೇ ಸಹಿ ಹಾಕಿದಳು. ಆಮೇಲೆ ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಕಾಫಿ ಆರಿಸುತ್ತಾ ಮೆಲ್ಲಗೆ ಕೇಳಿದಳು: "ಇನ್ಮೇಲೆ ಅವ್ಳು ಅಲ್ಲೇನಾ?"

"ಹೂಂ ಅತ್ತೆ."

"ನೀನೇನ್ಲಾ ಮತ್ತೆ? ಹೆತ್ತವ್ಳನ್ನ ಸಾಗಾಕಕ್ಕೆ ಹಿಂಗ್ ಓಡಾಡ್ತಿದೀಯಲ್ಲ!"

ಒಂದು ವರ್ಷದಿಂದ ರಜೆ ಹಾಕಿ, ಬಿಸಿಲಲ್ಲಿ ಸರದಿ ನಿಂತು, ಸೊಂಟ ನೋಯಿಸಿಕೊಂಡು ನಾನು ಮಾಡುತ್ತಿದ್ದದ್ದು ಅದನ್ನೇ ತಾನೇ? ಅಷ್ಟು ದಣಿವಿನಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದವನು ಕಪಾಟಿನ ಹಿಂದೆ ಎತ್ತಿಟ್ಟಿದ್ದ ಸ್ಟೀಲ್ ಲೋಟ ಹುಡುಕಿ ತಂದು ನಲ್ಲಿಯ ಕೆಳಗೆ ಮಗುಚಿದೆ. "ನಿಮ್ಮಮ್ಮ ಇದ್ದಾಗ ಆ ಲೋಟ ಕಂಡ್ರೆ ಉರ್ದು ಬೀಳ್ತಿದ್ರಿ. ಈಗೇನ್ರೀ ಬಂತು?" ಎಂದಳು ನನ್ನ ಹೆಂಡತಿ. ಏನು ಬಂತೋ ನನಗೂ ಗೊತ್ತಿರಲಿಲ್ಲ.

ಕೆಲವು ತಿಂಗಳಿಗೆ ಅಮ್ಮನ ಸಂದರ್ಶನ ನಡೆಯಿತು. ಈ ದೇಶ ಹೇಗನ್ನಿಸುತ್ತದೆ ಎಂದು ಅಧಿಕಾರಿ ಕೇಳಿದರಂತೆ. ಅಮ್ಮ, "ನೀರ್ ಚೆನ್ನಾಗ್ ಬತ್ತದೆ ಸ್ವಾಮಿ" ಎಂದಳಂತೆ. ಮೊನ್ನೆ ಕಾರ್ಡು ಬಂತು. ಅಕ್ಕ ಅದರ ಫೋಟೋ ಕಳಿಸಿದಳು. ಫೋಟೋದಲ್ಲಿ ಅಮ್ಮ ಯಾರ ಮೇಲೋ ಮುನಿಸಿಕೊಂಡಂತಿದ್ದಳು. ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿದ್ದಾಗ ಫೋನು ಬಂತು.

"ಕಾರ್ಡ್ ಬಂತಂತೆ ಕಣ್ಲಾ."

"ಹೂಂ ಕಣಮ್ಮ, ನೋಡ್ದೆ."

"ಇನ್ಮೇಲೆ ಇಲ್ಲೇ ಇರ್ಬೋದಂತೆ. ಬೇಕಾದ್ರೆ ಊರ್ಗೂ ಹೋಗ್ಬರ್ಬೋದಂತೆ."

"ಹೂಂ."

ಆಮೇಲೆ ಅವಳದೇ ಪ್ರಶ್ನೆ ಬಂತು.

"ನೀರು ಬಂತಾ?"

ನನ್ನ ಕಾಲ ಬುಡದಲ್ಲೇ ಲೋಟ ಬಡಿದುಕೊಳ್ಳುತ್ತಿತ್ತು. ನೀರು ಬಂದು ಅರ್ಧ ಗಂಟೆಯಾಗಿ, ಸಂಪು ತುಂಬಿ ಅಂಗಳಕ್ಕೆಲ್ಲ ಹರಿಯುತ್ತಿತ್ತು.

"ಎಲ್ಲಿ ಬಂತಮ್ಮ? ನೀನ್ ಹೋದಾಗಿಂದ ನೀರೇ ಸರಿಯಾಗ್ ಬರ್ತಿಲ್ಲ," ಅಂದೆ. ಲೋಟ ಠಣ್ ಠಣ್ ಎನ್ನುತ್ತಲೇ ಇತ್ತು. ಬಗ್ಗಿ ಅದನ್ನು ಎತ್ತಲು ನನಗೆ ತೋಚಲಿಲ್ಲ.

ಆ ಕಡೆ ಇದ್ದದ್ದು ಅಮ್ಮ. ಮಂಗಳಾರತಿಯ ಗಂಟೆ ಜಾಗಟೆಯ ನಡುವೆ ಇದೇ ಸದ್ದನ್ನು ಹೆಕ್ಕಿ ಓಡಿದ ಕಿವಿ ಅವಳದು.

"ಅಯ್ಯೋ ಮಗ, ನೀರಿಲ್ದೆ ಹೆಂಗ್ಲಾ ಬದುಕ್ತೀರಾ?" ಎಂದಳು. "ತಡಿ, ಟಿಕೆಟ್ ಮಾಡ್ಸೋಕೆ ನಿಮ್ಮಕ್ಕಂಗೆ ಹೇಳ್ತೀನಿ."