ಶಂಕರಮ್ಮ ಯಾವ ಒಲೆಯ ಲೆಕ್ಕ?

ಇಂದ,
ಅರ್ಪಣಾ, ಶಾಲಾ ಶಿಕ್ಷಕಿ, ಸದ್ಯಕ್ಕೆ ಜನಗಣತಿದಾರಳು,
ಮೆಣಸೆ ಕಡೆಯ ಬ್ಲಾಕ್.

ಗೆ,
ಗಣತಿ ಮೇಲ್ವಿಚಾರಕರು,
ಶೃಂಗೇರಿ ತಾಲೂಕು.

ವಿಷಯ: ಒಂದೇ ಮನೆಯಲ್ಲಿ ಎರಡಿದ್ದ ಕುಟುಂಬ ಮೂರಾಗಿ, ನಂತರ ಒಂದಾದ ಬಗ್ಗೆ.

ಉಲ್ಲೇಖ: "ಇದೆಂತ ಲೆಕ್ಕ ನಿಮ್ಮದು?" ಎಂಬ ತಮ್ಮ ನಿನ್ನೆಯ ಫೋನ್ ಕರೆ.

ಮಾನ್ಯರೇ,

ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬವೆಂದು ತರಬೇತಿಯಲ್ಲಿ ತಾವೇ ತಿಳಿಸಿದ್ದೀರಿ. ಎಲ್ಲ ಆಗಿದ್ದು ಅದರಿಂದಲೇ.

1. ಸದರಿ ಮನೆಯಲ್ಲಿ ಶಂಕರಮ್ಮ, ಅವರ ಇಬ್ಬರು ಗಂಡುಮಕ್ಕಳು, ಸೊಸೆಯರಾದ ತುಂಗಾ ಮತ್ತು ಸೌಂದರ್ಯಾ ವಾಸವಿದ್ದು, ಸಾರಿಗೆ ಬೆಲ್ಲ ಹಾಕುವ ವಿಚಾರದಲ್ಲಿ ಭಿನ್ನಾಭಿಪ್ರಾಯ ಉಂಟಾದ ಕಾರಣ ಸೊಸೆಯರ ಒಲೆ ಬೇರೆಯಾಗಿತ್ತು. ಮಾತೂ ನಿಂತಿತ್ತು. ಆದ್ದರಿಂದ ಎರಡು ಕುಟುಂಬ ಎಂದು ಬರೆದೆ. ಅತ್ತೆಯನ್ನು ಎಲ್ಲಿ ಸೇರಿಸಲಿ ಎಂದು ಕೇಳಿದ್ದೇ ತಪ್ಪಾಯಿತು.

"ಅತ್ತೆ ನಮ್ಮ ಲೆಕ್ಕಕ್ಕೆ. ಬೆಳಿಗ್ಗೆ ತಿಂಡಿ ನಮ್ಮಲ್ಲೇ," ಎಂದರು ತುಂಗಾ.

"ರಾತ್ರಿ ಊಟ ನಮ್ಮಲ್ಲಲ್ವಾ ಟೀಚರೇ? ನಮ್ಮ ಕಡೆ ಬರ್ಕೊಳ್ಳಿ," ಎಂದು ಗೋಡೆಯಾಚೆಯಿಂದ ಸೌಂದರ್ಯಾ.

ಇಬ್ಬರೂ ಬಿಟ್ಟುಕೊಡಲಿಲ್ಲ. ಒಬ್ಬರನ್ನು ಎರಡು ಕಡೆ ಎಣಿಸುವಂತಿಲ್ಲ ಎಂದು ನಾನು ವಿವರಿಸುತ್ತಿರುವಾಗ ಶಂಕರಮ್ಮ ಎದ್ದುನಿಂತರು.

"ನಾನೆಂತ ಗದ್ದೆನಾ, ಪಾಲು ಮಾಡಕ್ಕೆ? ನಂದೇ ಬೇರೆ ಒಲೆ. ಹಂಗೇ ಬರ್ಕೊಳ್ಳಿ!"

ಹೇಳಿದವರೇ ಹೋಗಿ ಹಿತ್ತಿಲ ಕಡೆಯ ಹಳೇ ಒಲೆ ಹಚ್ಚಿಬಿಟ್ಟರು. ಕಾರಣ, ಕುಟುಂಬ ಮೂರಾಯಿತು.

2. ಬಿಟ್ಟುಹೋದ ವಿವರ ಕೇಳಲು ಮರುದಿನ ಹೋದಾಗ ಶಂಕರಮ್ಮ ಅಕ್ಕಿರೊಟ್ಟಿ, ಕಳಲೆ ಪಲ್ಯ ಮಾಡುತ್ತಿದ್ದರು. ಘಮಕ್ಕೆ ಮೊದಲು ಗಂಡುಮಕ್ಕಳು ಬಂದು ಕೂತರು. ಆಮೇಲೆ ತುಂಗಾ ತಟ್ಟೆ ಹಿಡಿದು, ಎತ್ತಲೋ ನೋಡುತ್ತಾ ಬಂದರು. ಕೊನೆಗೆ ಸೌಂದರ್ಯಾ. ಎಲ್ಲರೂ ತಟ್ಟೆಯನ್ನೇ ನೋಡುತ್ತಾ ಎರಡೆರಡು ರೊಟ್ಟಿ ಮುಗಿಸಿದರು.

"ಉಪ್ಪು ಸ್ವಲ್ಪ ಕಮ್ಮಿ ಅಲ್ವಾ ಅಕ್ಕ?" ಸೌಂದರ್ಯಾ ಪಿಸುಗುಟ್ಟಿದರು.

"ಮೆಲ್ಲ ಹೇಳೇ ಮಾರಾಯ್ತಿ, ಕೇಳ್ಸುತ್ತೆ," ಎಂದರು ತುಂಗಾ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಶಂಕರಮ್ಮ ಅತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡು "ಹೊಗೆ" ಎಂದರು. ಹೊಗೆ ಇರಲಿಲ್ಲವೆಂದು ದೃಢೀಕರಿಸುತ್ತೇನೆ.

ಅಂದಿನಿಂದ ಎಲ್ಲರ ಊಟ ಅಲ್ಲೇ. ಮನೆಯ ಯಜಮಾನರು ಯಾರೆಂದು ಕೇಳಿದ್ದಕ್ಕೆ ಮಕ್ಕಳಿಬ್ಬರೂ ಅಮ್ಮನ ಕಡೆ ಕೈ ತೋರಿಸಿದರು.

ಆದ್ದರಿಂದ, ಸದರಿಯವರನ್ನು ಒಂದೇ ಕುಟುಂಬವೆಂದೂ ಯಜಮಾನಿ ಶಂಕರಮ್ಮನವರೆಂದೂ ಅಂಗೀಕರಿಸಬೇಕಾಗಿ ಕೋರಿಕೆ.

ಅದೇ ಬ್ಲಾಕಿನಲ್ಲಿ ಇನ್ನೂ ಅಲೆಯುತ್ತಿರುವ
ತಮ್ಮ ವಿಶ್ವಾಸಿ,
ಅರ್ಪಣಾ

ಲಗತ್ತು: ತಿದ್ದಿದ ವಿವರ, ಬಾಳೆಲೆಯಲ್ಲಿ ಸುತ್ತಿದ ರೊಟ್ಟಿ (ಯಜಮಾನಿಯವರ ಒತ್ತಾಯದ ಮೇರೆಗೆ).

ವಿ.ಸೂ.: ಮುಂದಿನ ಜನಗಣತಿಯವರೆಗೆ ಒಲೆ ಬೇರೆ ಮಾಡಲು ಸರ್ಕಾರದ ಅನುಮತಿ ಇಲ್ಲವೆಂದು, ಯಾವ ಅಧಿಕಾರವೂ ಇಲ್ಲದೆ, ಸೊಸೆಯರಿಗೆ ಹೇಳಿಬಿಟ್ಟಿದ್ದೇನೆ. ಅವರು ತಮಗೆ ಫೋನ್ ಮಾಡಿ ವಿಚಾರಿಸಿದಲ್ಲಿ ದಯವಿಟ್ಟು "ಹೌದು" ಎನ್ನಬೇಕು.