ಬೀಳಗಿಗೆ ಕಳಿಸಿದ ಇಡೀ ರೊಟ್ಟಿ

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕಂಡಕ್ಟರು ಪಾರ್ಸೆಲ್ಲನ್ನು ಬೀಳಗಿಯಲ್ಲಿ ಇಳಿಸುವುದನ್ನು ಮರೆತು ಸೀದಾ ಬಾಗಲಕೋಟೆಗೆ ಒಯ್ಯಬಹುದಿತ್ತು. ಡಬ್ಬಿ ಗಟ್ಟಿಮುಟ್ಟಾಗಿದೆಯೆಂದು, ಸೀಟು ಸಿಗದ ಯಾರಾದರೂ ತೂಕದ ಹಿರಿಯರು ಅದರ ಮೇಲೆಯೇ ಆಸೀನರಾಗಬಹುದಿತ್ತು. ಮಳೆ ಬಂದು ರೊಟ್ಟಿ ಮೆತ್ತಗಾಗಬಹುದಿತ್ತು. ಮಳೆ ಬಾರದೆ, ಬಿಸಿಲಿಗೆ ಇನ್ನಷ್ಟು ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗಬಹುದಿತ್ತು. ಪಾರ್ಸೆಲ್ ತರಿಸುತ್ತಿರುವವನು ಗಿರಾಕಿಯಲ್ಲ, ಪರೀಕ್ಷಕ ಎಂಬುದು ಬಯಲಾಗಬಹುದಿತ್ತು. ಕಮಿಟಿಯ ಅಧ್ಯಕ್ಷರು, "ಎಷ್ಟು ರೊಟ್ಟಿ ತಿಂದು ಸಹಿ ಹಾಕೀರಿ ಸರ?" ಎಂದು ನಾಲ್ಕು ಮಂದಿಯ ಎದುರಿಗೆ ಕೇಳಬಹುದಿತ್ತು. ಇವನ್ನೆಲ್ಲ ನಾನು ಮೊದಲೇ ಚಿಂತಿಸಿ ಮುಗಿಸಿದ್ದೆ. ಅವುಗಳಲ್ಲಿ ಒಂದೂ ಆಗಲಿಲ್ಲ.

ಚಿಂತೆ ಮಾಡುವುದನ್ನು ಜನ ದೌರ್ಬಲ್ಯ ಎನ್ನುತ್ತಾರೆ. ನನ್ನ ಮಟ್ಟಿಗೆ ಅದೊಂದು ವಿಮೆ. ನಾನು ಚಿಂತಿಸಿದ್ದು ಇಂದಿನವರೆಗೆ ಆಗಿಲ್ಲವಾದ್ದರಿಂದ, ಆಗಬಾರದ್ದನ್ನೆಲ್ಲ ಚಿಂತಿಸಿಬಿಟ್ಟರೆ ಸಂಸಾರ ಸುರಕ್ಷಿತ ಎಂಬ ನಂಬಿಕೆ ನನ್ನದು. "ನಿಮ್ಮ ಚಿಂತಿಗೆ ಯಾರರ ಪಗಾರ ಕೊಟ್ಟಿದ್ರ ಇಷ್ಟೊತ್ತಿಗೆ ಮ್ಯಾಲಿನ ಮಾಳಿಗಿ ಕಟ್ಟಿ ಮುಗೀತಿತ್ತು" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅದನ್ನು ಹೊಗಳಿಕೆಯಾಗಿ ಹೇಳುವುದಿಲ್ಲ. ನಾನು ಹಾಗೆ ಸ್ವೀಕರಿಸುತ್ತೇನೆ, ಅಷ್ಟೆ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ವಾಣಿಜ್ಯದ ಮೇಷ್ಟ್ರು. ಉದ್ಯಮ ಕಟ್ಟುವುದು ಹೇಗೆಂದು ವರ್ಷವರ್ಷ ಪಾಠ ಹೇಳುತ್ತ ಬಂದಿದ್ದೇನೆ. ಸ್ವಂತವಾಗಿ ಮಾರಿದ್ದೆಂದರೆ ಮನೆಯ ಹಳೆಯ ಪೇಪರು ಮಾತ್ರ, ಅದರಲ್ಲೂ ರದ್ದಿಯವನೇ ಗೆದ್ದ. ಈ ಯೋಗ್ಯತೆಯನ್ನು ಗುರುತಿಸಿಯೇ ಇರಬೇಕು, ನಮ್ಮ ಕಡೆಯ ಹೊಸ ಸ್ಟಾರ್ಟಪ್‌ಗಳಿಗೆ ಕೋಣೆ, ಕರೆಂಟು ಕೊಟ್ಟು ಬೆಳೆಸುವ ಒಂದು ಸಂಸ್ಥೆ ನನ್ನನ್ನು ಕಮಿಟಿಗೆ ಹಾಕಿಕೊಂಡಿತು. ಮೊದಲ ವರ್ಷ ಕೆಲಸ ಸುಲಭವಿತ್ತು. ಹೊಸಬರು ವೇದಿಕೆಗೆ ಬಂದು ಮಾತು ಕೊಡುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಎರಡನೆಯ ವರ್ಷದ ಕೆಲಸ ಬೇರೆ. ಕೊಟ್ಟ ಮಾತು ಎಷ್ಟು ನಡೆಯಿತೆಂದು ಹೋಗಿ ನೋಡಿ, ನಡೆಸದವರ ಕೋಣೆ ಬಿಡಿಸಿ, ಸರದಿಯಲ್ಲಿ ನಿಂತ ಮುಂದಿನವರಿಗೆ ಕೊಡಬೇಕು.

ಮುಧೋಳದ ಹುಡುಗನೊಬ್ಬ ಬೇಟೆನಾಯಿಗಳ ಕೊರಳಿಗೆ ಒಂದು ಪಟ್ಟಿ ಕಟ್ಟಿ, ನಾಯಿ ಎಲ್ಲಿದೆಯೆಂದು ಫೋನಿನಲ್ಲಿ ತೋರಿಸುತ್ತೇನೆಂದಿದ್ದ. ಹೋಗಿ ನೋಡಿದೆ. ಪಟ್ಟಿ ಖರೆ ಹೇಳುತ್ತಿತ್ತು. ಆದರೆ ಆ ನಾಯಿಗಳ ಓಟಕ್ಕೆ, ನಾವು ಫೋನು ತೆರೆದು ಕನ್ನಡಕ ಏರಿಸುವಷ್ಟರಲ್ಲಿ ನಾಯಿ ಇನ್ನೊಂದು ಊರಿನ ಹೊಲದಲ್ಲಿರುತ್ತಿತ್ತು. "ನಾಯಿನs ಸ್ವಲ್ಪ ಸಾವಕಾಶ ಓಡಬೇಕ್ರೀ ಸರ" ಎಂದು ಆ ಹುಡುಗ ಕಕ್ಕುಲಾತಿಯಿಂದ ಹೇಳಿದ. ಮನಸ್ಸು ಕರಗಿ ಅವನಿಗೆ ಇನ್ನಷ್ಟು ಸಮಯ ಬರೆದೆ. ಇದರಿಂದ ಅಧ್ಯಕ್ಷರು ಸಿಟ್ಟಾದರು. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಯಾರಾದರೂ ನಮಸ್ಕಾರ ಎಂದರೂ ಜಾಮೀನು ಯಾರೆಂದು ನೋಡುವವರು. "ಮುಂದಿನದಕ್ಕ ಪುರಾವೆ ಬೇಕು ಸರ. ನಿಮ್ಮ ಕನಿಕರ ಬ್ಯಾಡ" ಎಂದರು.

ಮುಂದಿನದು ಬನಹಟ್ಟಿಯ ಸುನಂದಾಬಾಯಿಯವರ ಖಡಕ್ ರೊಟ್ಟಿ. ಮಗ್ಗದ ಮನೆಯ ಸೊಸೆ, ನನ್ನದೇ ವಯಸ್ಸಿನವರು. ಅವರು ವೇದಿಕೆಯಲ್ಲಿ ಕೊಟ್ಟ ಮುಖ್ಯವಾದ ಮಾತು ಒಂದೇ: ನಮ್ಮ ಜೋಳದ ರೊಟ್ಟಿ ಎಷ್ಟು ದೂರ ಹೋದರೂ ಮುರಿಯದೆ ಇಡಿಯಾಗಿ ಮುಟ್ಟುತ್ತದೆ. ಖಡಕ್ ರೊಟ್ಟಿ ಗೊತ್ತಿದ್ದವರಿಗೆ ಇದೆಂಥ ಮಾತೆಂಬುದು ತಿಳಿದೀತು. ಅಡಿಗೆಮನೆಯಿಂದ ಪಡಸಾಲೆಗೆ ತರುವಷ್ಟರಲ್ಲಿ ಅದರ ಅಂಚು ಹೋಗಿರುತ್ತದೆ.

ಕೋಣೆಗೆ ಹೋದಾಗ ಒಲೆಗಳ ಸಾಲಿನ ಮುಂದೆ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಸೀರೆಯ ಅಂಚಿನ ಡಿಸೈನಿಗೆ ಮಗ್ಗದ ಮೇಲೆ ಏರಿಸುವ ತೂತಿನ ರಟ್ಟುಗಳಿರುತ್ತವಲ್ಲ, ಹಳೆಯದಾಗಿ ಬಿಸಾಡಿದ ಅಂಥವನ್ನು ತಂದು ಸುನಂದಾಬಾಯಿ ಡಬ್ಬಿಯೊಳಗೆ ರೊಟ್ಟಿಗಂಟಿನ ಸುತ್ತ, ಮುರಿಯದಂತೆ, ಬೇಲಿ ಹಾಕುತ್ತಿದ್ದರು. ನಾನು ಗಂಭೀರನಾಗಿ, "ಆ್ಯಪ್ ಮಾಡತೀವಿ ಅಂದಿದ್ರಿ. ಎಲ್ಲೈತಿ?" ಎಂದೆ.

"ಅದು ತಿರಗಾಕತ್ತೈತ್ರಿ" ಎಂದು ಫೋನು ತೋರಿಸಿದರು. ಒಂದು ವರ್ತುಲ ನಿಜವಾಗಿಯೂ ತಿರುಗುತ್ತಿತ್ತು. "ಗಿರಾಕಿಗೋಳು ವಾಟ್ಸಾಪಿನ್ಯಾಗs ಮಾತಾಡಿ ಹೇಳತಾರ್ರಿ, ನಾವು ಕಳಸ್ತೀವಿ."

"ಹೊರದೇಶಕ್ಕ ಕಳಸ್ತೀವಿ ಅಂದಿದ್ರಿ?"

"ಸೊಲ್ಲಾಪುರಕ್ಕ ಕಳಿಸೇವ್ರಿ. ಮಹಾರಾಷ್ಟ್ರ ಹೊರಗ ಅಲ್ಲೇನ್ರೀ?"

ಒಲೆಯ ಮುಂದಿನವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ನಗಲಿಲ್ಲ, ಪರೀಕ್ಷಕ ನಗಬಾರದೆಂದು ಬಸ್ಸಿನಲ್ಲೇ ನಿರ್ಧರಿಸಿ ಬಂದಿದ್ದೆ. "ಆಗದ್ದನ್ನ ಯಾಕ ಹೇಳಬೇಕಿತ್ತ್ರೀ?" ಎಂದೆ.

"ನೀವs ಕೇಳಿದ್ರಲ್ರೀ ಸರ, ಆ್ಯಪ್ ಇಲ್ಲೇನು, ಹೊರದೇಶದ ವಿಚಾರ ಇಲ್ಲೇನು ಅಂತ? ಅಷ್ಟ ಆಸೆದಿಂದ ಕೇಳೋ ಮುಂದ ಇಲ್ಲ ಅನ್ನಾಕ ಬಾಯಿ ಬರಲಿಲ್ಲ." ಆಮೇಲೆ ದನಿ ತಗ್ಗಿಸಿ, "ಕ್ವಾಣಿ ಬಿಡಸಬ್ಯಾಡ್ರಿ. ಮನ್ಯಾಗ ಮಗ್ಗ ಬಿಟ್ರ ಕಾಲ ಇಡಾಕ ಜಾಗಾ ಇಲ್ಲ. ಕ್ವಾಣಿ ಹ್ವಾದ್ರ ಈ ಒಲಿ ಅಷ್ಟೂ ಆರತಾವ" ಎಂದರು.

ಅಂದು ನಿದ್ದೆಯ ವಿಷಯ ಕೇಳಬೇಡಿ. ಆ್ಯಪ್ ಇಲ್ಲ, ಹೊರದೇಶ ಸೊಲ್ಲಾಪುರ. ಇನ್ನು ಉಳಿದದ್ದು ಮುರಿಯದ ರೊಟ್ಟಿ ಒಂದೇ. ಅದೊಂದು ನಿಂತರೆ ಕೋಣೆ ನಿಲ್ಲುತ್ತದೆ, ಅದೂ ಮುರಿದರೆ ಎಲ್ಲ ಮುಗಿಯಿತು. ಆದ್ದರಿಂದ ಗುಟ್ಟಾಗಿ ಒಂದು ಪರೀಕ್ಷೆ ಹೂಡಿದೆ. ನನ್ನ ಹೆಂಡತಿಯ ಫೋನಿನಿಂದ ಸಾಮಾನ್ಯ ಗಿರಾಕಿಯಂತೆ ರೊಟ್ಟಿ ಹೇಳಿ, ಬೀಳಗಿಯಲ್ಲಿರುವ ನನ್ನ ಅಕ್ಕನ ವಿಳಾಸ ಕೊಟ್ಟೆ. ಅಕ್ಕನಿಗೆ ರೊಟ್ಟಿ ಕಳಿಸಿದ್ದೇನೆ ಎಂದಷ್ಟೇ ಹೇಳಿದೆ, ಪರೀಕ್ಷೆಯ ಮಾತೆತ್ತಲಿಲ್ಲ. ಬೀಳಗಿಯ ತನಕ ಬಸ್ಸಿನಲ್ಲಿ ಕುಲುಕಿ ಹೋದ ರೊಟ್ಟಿ ಇಡಿಯಾಗಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ಬೇಕೆ?

ಪಾರ್ಸೆಲ್ ಮುಟ್ಟಿತೆಂದು ಗೊತ್ತಾಗಿ ಅಕ್ಕನಿಗೆ ಫೋನು ಮಾಡಿದೆ. "ರೊಟ್ಟಿ ಹೆಂಗದಾವ ಅಕ್ಕಾ? ಒಂದ ಫೋಟೋ ಹೊಡದು ಕಳಸು."

"ಎಲ್ಲಿ ಫೋಟೋನೋ, ಆಗಲೇ ಖಾಲಿ ಆದವು! ತವರಿನಿಂದ ಬಂದದ್ದು ಒಬ್ಬಾಕೀನ ತಿನ್ನಾಕ ಬರತೈತೇನು? ತಮ್ಮ ಕಳಿಸ್ಯಾನ ಅಂತ ಓಣಿ ತುಂಬ ಬೀರಿದೆ. ಮಂದಿ ಜಾಸ್ತಿ, ರೊಟ್ಟಿ ಕಡಿಮಿ. ಎಲ್ಲಾನೂ ಮುರದು ಅರ್ಧರ್ಧ ಕೊಟ್ಟೆ."

ನಮ್ಮ ಕಡೆ ತವರಿನ ಬುತ್ತಿ ಎಂದರೆ ಹಾಗೆಯೇ. ಬಂದದ್ದನ್ನು ಓಣಿಗೆ ಬೀರದೆ ಡಬ್ಬಿಯಲ್ಲಿಟ್ಟುಕೊಂಡವಳು ಆ ಓಣಿಯಲ್ಲಿ ಆಮೇಲೆ ಸಕ್ಕರೆ ಕಡ ಕೇಳುವಂತಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ, ಪುರಾವೆಯನ್ನು ಅಕ್ಕನ ಕೈಗೆ ಕೊಟ್ಟಿದ್ದೆ.

ಮರುದಿನ ರಜೆ ಹಾಕಿ ಬೀಳಗಿಯ ಬಸ್ಸು ಹತ್ತಿದೆ. ಅಕ್ಕ ಬಾಗಿಲಲ್ಲೇ ನೀರು ಕೊಟ್ಟಳು. ಚಹಾ ಮುಗಿಯುವಷ್ಟರಲ್ಲಿ, ರೊಟ್ಟಿ ಕಳಿಸಿದ ತಮ್ಮನನ್ನು ನೋಡಲು ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ಕುಳಿತಿದ್ದರು. ನಾನು ಸುತ್ತು ಬಳಸಿ, "ಡಬ್ಬಿ ತೆಗೆದಾಗ ರೊಟ್ಟಿ ಇಡೀ ಇದ್ವೋ, ಮುರಿದಿದ್ವೋ?" ಎಂದು ಕೇಳಿದೆ.

"ಏ ಶಾಣ್ಯಾ" ಎಂದಳು ಅಕ್ಕ, "ನಾನs ಮುರದೀನಿ ಅಂದಮ್ಯಾಲ ಇಡೀ ಇದ್ವು ಅಂತ ಆತಲ್ಲೋ? ಮುರದಿದ್ದನ್ನ ಯಾರರ ಮುರೀತಾರೇನು?"

"ನನಗ ಸಣ್ಣ ಅರ್ಧ ಕೊಟ್ಟಾಳ್ರಿ" ಎಂದರು ಎದುರುಮನೆಯ ಕಸ್ತೂರವ್ವ. "ದೊಡ್ಡ ಅರ್ಧ ಆ ಮನಿಗೆ ಹೋಗೇತಿ."

"ದೊಡ್ಡದಾ? ಇದ್ರ ಕೂಡಿಸಿ ತೋರಸತಿದ್ದೆ. ಅಂಗೈಯಷ್ಟ ಇತ್ತು, ಯವ್ವಾ!" ಎಂದು ಆ ಮನೆಯಾಕೆ ತಿರುಗಿಬಿದ್ದರು.

ಜಗಳ ಏರಿತು. ನನಗೆ ಮಾತ್ರ ಅದು ಸಂಗೀತದಂತೆ ಕೇಳಿಸಿತು. ಪುಡಿಯಾದ ರೊಟ್ಟಿಗೆ ಸಣ್ಣ ಅರ್ಧ, ದೊಡ್ಡ ಅರ್ಧ ಎಲ್ಲಿಂದ ಬರಬೇಕು? ಇಷ್ಟು ಮಂದಿ ಪಾಲಿಗಾಗಿ ಕಚ್ಚಾಡಿದರೆಂದರೆ ರೊಟ್ಟಿ ಇಡಿಯಾಗಿಯೇ ಮುಟ್ಟಿತ್ತು. ಸುನಂದಾಬಾಯಿ ಗೆದ್ದಿದ್ದರು.

ಇದು ಪರೀಕ್ಷೆಗೆ ತರಿಸಿದ್ದು, ಉಡುಗೊರೆಯಲ್ಲ ಎಂದು ಆಗ ಹೇಳಬೇಕಿತ್ತು. ಅಷ್ಟರಲ್ಲಿ ಕಸ್ತೂರವ್ವ ಅಕ್ಕನಿಗೆ, "ತಿಂಗಳಾ ತಿಂಗಳಾ ಕಳಸ್ತಾನೇನ ನಿನ್ನ ತಮ್ಮ?" ಎಂದರು. ಅಕ್ಕ ನನ್ನ ಮುಖ ನೋಡಿದಳು. ಕಟ್ಟೆಯೆಲ್ಲ ನೋಡಿತು. "ಅದರಾಗೇನೈತ್ರಿ, ತಿಂಗಳಾ ಕಳಸ್ತೀನಿ" ಎಂದಿತು ನನ್ನ ಬಾಯಿ. ಆ್ಯಪ್ ಮಾಡುತ್ತೇನೆ, ಹೊರದೇಶಕ್ಕೆ ಕಳಿಸುತ್ತೇನೆ ಎಂದು ವೇದಿಕೆಯ ಮೇಲೆ ನಿಂತವರ ಬಾಯಿಂದ ಹೇಗೆ ಬರುತ್ತದೆಂಬುದು, ಇಷ್ಟು ವರ್ಷ ಪಾಠ ಹೇಳಿದರೂ ತಿಳಿಯದ್ದು, ಆ ಕಟ್ಟೆಯ ಮೇಲೆ ತಿಳಿಯಿತು. ಅದು ಸುಳ್ಳಲ್ಲ. ಎದುರಿಗೆ ಆಸೆಯಿಂದ ನೋಡುತ್ತಿರುವ ಮುಖವನ್ನು ಸಪ್ಪಗೆ ಮಾಡಲಾಗದ ಸಂಕಟ.

ವರದಿ ಓದಿದ ಅಧ್ಯಕ್ಷರು, "ಸಾಕ್ಷಿ ನಿಮ್ಮ ಸ್ವಂತ ಅಕ್ಕ ಅಲ್ರೀ?" ಎಂದರು. "ಆಕೀ ಮ್ಯಾಲ ಪಾಲಿನ ತಕರಾರು ಮಾಡಿದವರೂ ಸಾಕ್ಷಿ ಅದಾರ್ರಿ" ಎಂದೆ. ಸಾಲದ ಕಾಗದ ಓದಿ ಬದುಕಿದ ಮನುಷ್ಯ. ತಕರಾರಿನ ಬೆಲೆ ಬಲ್ಲವರು. ವರದಿಗೆ ಸಹಿ ಹಾಕಿ ಕೋಣೆ ಮುಂದುವರಿಸಿದರು. ಹೋಗುವಾಗ, "ಆ ರೊಟ್ಟಿ ಬಾಯಾರ ನಂಬರ್ ಕೊಡ್ರಿ. ಬರೇ ವಿಚಾರಿಸಾಕ" ಎಂದರು. ಒಲೆಗಳು ಉರಿಯುತ್ತಿವೆ. ಸುನಂದಾಬಾಯಿ ಆ್ಯಪಿನ ಮಾತನ್ನು ವಾಪಸು ತೆಗೆದುಕೊಂಡರು, ನಾನೂ ಕೇಳುವುದನ್ನು ಬಿಟ್ಟೆ.

ಹಾಗೆ ನೋಡಿದರೆ ಎಡವಟ್ಟಾದದ್ದು ಒಂದೇ, ಅದೂ ಸಣ್ಣದು. ಪರೀಕ್ಷೆಯ ಪೇಪರು ನೋಡುವ ಗದ್ದಲದಲ್ಲಿ ಮೊನ್ನೆ ಈ ತಿಂಗಳ ರೊಟ್ಟಿಗೆ ಹೇಳುವುದನ್ನು ಮರೆತೆ. ಅಕ್ಕನ ಫೋನು ಬಂತು. "ಯಾಕೋ ತಮ್ಮಾ, ಈ ಸಲ ಬರಲಿಲ್ಲಲ್ಲ?"

"ಒಂದ ಸಣ್ಣ ತಾಂತ್ರಿಕ ಅಡಚಣಿ ಆಗೇತಿ ಅಕ್ಕಾ" ಎನ್ನುತ್ತಿರುವುದು ನನ್ನದೇ ದನಿ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರ? ಕಸ್ತೂರವ್ವ ದಿನಾ ಕೇಳಾಕತ್ತಾಳ. ಓಣ್ಯಾಗ ನಾ ಏನ ಹೇಳಲಿ?"

"ಕೆಲಸಾ ನಡದೈತಿ ಅಂತ ಹೇಳು" ಎಂದೆ.