ಕೋಳಿಪಟ್ಟಿಗೆ ಸೇರಿದ ಒಯ್ಸುಲು ಅತ್ತೆ

ಇಂದ,
ಅಂಜಿರತ್, ಬಸ್ ಚಾಲಕ ಸೋಬಿರನ ಹೆಂಡತಿ,
ಕಾಲುವೆ ಓಣಿ, ತೂತ್ಲಿ ಗ್ರಾಮ,
ಫರ್ಗಾನಾ ಕಣಿವೆ.

ಗೆ,
ಮಾನ್ಯ ಮುಖ್ಯಸ್ಥರು,
'ಅಂಗಳ ತುಂಬ ಕೋಳಿ' ಅಭಿಯಾನದ ತಪಾಸಣಾ ಆಯೋಗ,
ಜಿಲ್ಲಾ ಕೇಂದ್ರ.

ವಿಷಯ: ಅರ್ಜಿದಾರಳ ಅತ್ತೆಯವರನ್ನು ಕಾವಿಗೆ ಕೂತ ಕೋಳಿ ಎಂದು ದಾಖಲಿಸಿಕೊಂಡಿರುವ ಕುರಿತು.

ಉಲ್ಲೇಖ:
1. ಜರ್ದಾಲು ಹೂ ಉದುರುವ ಹೊತ್ತಿನಲ್ಲಿ ತಾವು ನಮ್ಮ ಓಣಿಗೆ ದಯಮಾಡಿಸಿದ್ದು.
2. ತಮ್ಮ ಗುಮಾಸ್ತ ಇಸ್ಮತ್ ಅವರು ಕಿಟಕಿಯ ಒಳಗಿನಿಂದ ನೀಡಿದ "ನಾಳೆ ಬಾ" ಎಂಬ ಉತ್ತರ, ಮತ್ತು ಮರುದಿನ ನೀಡಿದ ಅದೇ ಉತ್ತರ.
3. ಅರ್ಜಿದಾರಳ ಹಿಂದಿನ ಅರ್ಜಿ. ಸದರಿ ಅರ್ಜಿಯ ಮೇಲೆ ಗುಮಾಸ್ತರು ಚಹಾದ ಬಟ್ಟಲು ಇಟ್ಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ.

ಮಾನ್ಯರೇ,

ಅರ್ಜಿಯಲ್ಲಿ 'ನಾನು', 'ನನ್ನ' ಎಂದೆಲ್ಲ ಬರೆದರೆ ಅದು ಅರ್ಜಿಯಾಗುವುದಿಲ್ಲ, ಅಳುವಾಗುತ್ತದೆ ಎಂದು ಗುಮಾಸ್ತರು ತಿಳಿಸಿದ ಕಾರಣ, ಈ ಸಲ 'ಅರ್ಜಿದಾರಳು' ಎಂದೇ ಬರೆಯಲಾಗಿದೆ. ವಿಷಯ ಮಾತ್ರ ಹಳೆಯದೇ. ಅದು ಈ ಕೆಳಕಂಡಂತೆ ಇರುತ್ತದೆ.

1. ಅರ್ಜಿದಾರಳ ಅತ್ತೆ ಒಯ್ಸುಲು ಅವರು ಗಡಿಯಾಚೆಯ ಹಳ್ಳಿಯಲ್ಲಿ ಹುಟ್ಟಿದವರು. ಅವರು ಸೊಸೆಯಾಗಿ ಬಂದಾಗ ಗಡಿ ಎಂದರೆ ಒಂದು ಒಣ ಕಾಲುವೆ. ಲಂಗ ಎತ್ತಿ ಹಿಡಿದು ದಾಟಿದರೆ ತವರು. ಆಮೇಲೆ ಅಲ್ಲಿ ಮುಳ್ಳುತಂತಿ ಬಂತು, ಬಂದೂಕು ಹಿಡಿದವರು ಬಂದರು. ಈಗ ಗಡಿ ತೆರೆದಿದೆ. ಆದರೆ ಕಳೆದ ಚಳಿಗಾಲಕ್ಕೆ ಮುಂಚೆ ಅತ್ತೆಯವರಿಗೆ ಲಕ್ವ ಹೊಡೆದು ಎಡಗೈ, ಎರಡೂ ಕಾಲು ಬಿದ್ದುಹೋದ ಕಾರಣ, ಗಡಿ ತೆರೆದದ್ದು ಅವರ ಪಾಲಿಗೆ ಬರಿಯ ಸುದ್ದಿಯಾಯಿತು. ಅವರ ನಾಲಿಗೆಗೆ ಏನೂ ಆಗಿಲ್ಲ. ಈ ಬಗ್ಗೆ ಇಡೀ ಓಣಿ ಸಾಕ್ಷಿ ಹೇಳುತ್ತದೆ.

ಅವರು ಹೋಗಲಾಗದ ಕಾರಣ ಅವರ ತಂಗಿ ಹೊಸಿಯತ್ ತವರಿನ ಕೋಳಿಗಳ ಮೊಟ್ಟೆ ಕಳಿಸಿದರು. ಅಪ್ಪ ಸಾಕಿದ ತಳಿ: ಉದ್ದ ಕಾಲು, ಒರಟು ಗಂಟಲು. ಅಪ್ಪನೂ ಇಲ್ಲ, ಅಂಗಳವೂ ಇಲ್ಲ, ತಳಿ ಮಾತ್ರ ಉಳಿದಿದೆ. ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದ ಸಂಬಂಧಿಕರು, "ಒಡೆದುಹೋದಾವು ಅಂತ ದಾರಿಯುದ್ದಕ್ಕೂ ಕೆಮ್ಮಲೂ ಇಲ್ಲ ದೊಡ್ಡಮ್ಮ" ಎಂದರು. ಅದೇ ಹೊತ್ತಿಗೆ ಅರ್ಜಿದಾರಳ ಮನೆಯ ಕರಿ ಹ್ಯಾಟೆ ಮೈಯ ಗರಿಯೆಲ್ಲ ಕೆದರಿಕೊಂಡು, ಕೊರ್ ಕೊರ್ ಎನ್ನುತ್ತ, ರೊಟ್ಟಿ ಒಲೆಯ ಪಕ್ಕದ ಬುಟ್ಟಿ ಬಿಟ್ಟು ಏಳದೆ ಕಾವಿಗೆ ಬಂದಿತ್ತು. ಕತ್ತಲಾಗುತ್ತಲೇ ಮೊಟ್ಟೆಗಳನ್ನು ಅದರ ಹೊಟ್ಟೆಯಡಿ ಸರಿಸಲಾಯಿತು. ಅಂದಿನಿಂದ ಅತ್ತೆಯವರು ಊಟಕ್ಕೆ ಮುಂಚೆ ಕೋಳಿಯ ಯೋಗಕ್ಷೇಮ ಕೇಳತೊಡಗಿದರು. ಅದಕ್ಕೆ ಮುಂಚೆ ಊಟವನ್ನೇ ಕೇಳುತ್ತಿರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

2. ಹೀಗಿರಲಾಗಿ, ಪ್ರತಿ ಅಂಗಳದಲ್ಲೂ ಕೋಳಿ ಇರತಕ್ಕದ್ದು, ಅದರಲ್ಲಿ ಒಂದಾದರೂ ಕಾವಿಗೆ ಕೂತಿರತಕ್ಕದ್ದು ಎಂದು ತಮ್ಮ ಆದೇಶ ಹೊರಟಿತು. ಕೋಳಿಗೆ ಕಾವು ಬರುವುದು ಆದೇಶದಿಂದಲ್ಲವಾದ ಕಾರಣ, ತಾವು ಬರುವ ವಾರ ಇಡೀ ಓಣಿಯಲ್ಲಿ ಕಾವಿಗೆ ಕೂತಿದ್ದದ್ದು ನಮ್ಮ ಕರಿ ಹ್ಯಾಟೆ ಒಂದೇ. ಆದ್ದರಿಂದ ಮೊಹಲ್ಲಾ ಸಮಿತಿಯ ಅಧ್ಯಕ್ಷರಾದ ತುರ್ದಿಮತ್ ಅವರು ಅರ್ಜಿದಾರಳ ಮನೆಗೆ ಬಂದು, ಚಪ್ಪಲಿಯನ್ನೂ ಕಳಚದೆ, ಕೋಳಿಯನ್ನು ಬುಟ್ಟಿ ಸಮೇತ ಕೇಳಿದರು.

"ಎರಡೇ ದಿನ ತಂಗಿ. ಸಾಹೇಬ್ರು ಆ ತುದಿಯಿಂದ ಬರ್ತಾರೆ. ಅವ್ರು ಒಂದು ಮನೇಲಿ ಚಹಾ ಕುಡಿಯೋದ್ರೊಳಗೆ ನಾವು ಗೋಡೆ ಮೇಲಿಂದ ಕೋಳೀನ ಮುಂದಿನ ಮನೆಗೆ ದಾಟಿಸ್ತೀವಿ. ಕೊನೇಗೆ ನಿಮ್ಮನೆ. ಕೋಳಿ ನಿಮ್ಮನೇಗೇ ಬರುತ್ತೆ."

"ಅಣ್ಣ, ಮೊಟ್ಟೆ ಒಡೆಯೋ ಹೊತ್ತು ಹತ್ರ ಬಂತು. ಈಗ ಎಬ್ಬಿಸಿದ್ರೆ ಒಳಗಿರೋವು ಒಳಗೇ ಸತ್ತೋಗ್ತವೆ."

"ಕೋಳಿ ಕೊಡದಿದ್ರೆ ನಾನು ಸತ್ತೋಗ್ತೀನಿ."

ಆಗ ಒಳಕೋಣೆಯಿಂದ ಅತ್ತೆಯವರು, "ನೀನು ಹೋದ್ರೆ ಆ ಕುರ್ಚಿಗೆ ಇನ್ನೊಬ್ಬ ಬರ್ತಾನೆ ಕಣೋ ತುರ್ದಿಮತ್. ಆ ಮೊಟ್ಟೆ ಇನ್ನೊಂದ್ಸಲ ಬರಲ್ಲ" ಎಂದರು.

"ದೊಡ್ಡಮ್ಮ, ಇದು ಸರ್ಕಾರದ ಕೆಲ್ಸ."

"ಹಂಗಾದ್ರೆ ಸರ್ಕಾರವೇ ಬಂದು ಕೂತ್ಕೊಳ್ಳಲಿ ಮೊಟ್ಟೆ ಮೇಲೆ. ಕೂತು ಅಭ್ಯಾಸ ಇದೆಯಲ್ಲ."

ಅರ್ಜಿದಾರಳ ಗಂಡ ಸೋಬಿರ್ ಆಗ ಮನೆಯಲ್ಲೇ ಇದ್ದನು. ಅವನು ರಸ್ತೆಯಲ್ಲಿ ಬಸ್ ಓಡಿಸುವವನಾದರೂ ಮನೆಯಲ್ಲಿ ಸದಾ ಬ್ರೇಕ್ ಮೇಲೆ ಕಾಲಿಟ್ಟೇ ಇರುತ್ತಾನಾದ ಕಾರಣ, "ದೊಡ್ಡವರು ಕೇಳ್ತಿದಾರೆ, ಕೊಟ್ಬಿಡು" ಎಂದು ನೆಲ ನೋಡುತ್ತ ಹೇಳಿದನು. ಕೋಳಿಯನ್ನು ಕೊಡಲಾಯಿತು. ಮೊಟ್ಟೆಗಳನ್ನು ಮಾತ್ರ ಅರ್ಜಿದಾರಳು ಮಡಿಲಿಗೆ ಬಾಚಿಕೊಂಡಳು. ಬುಟ್ಟಿಯಲ್ಲಿ ಅವುಗಳ ಬದಲಿಗೆ ಈರುಳ್ಳಿ ಇಡಲಾಯಿತು. ತಾವು ಆ ದಿನ ಮನೆಮನೆಯಲ್ಲೂ ಬಗ್ಗಿ ನೋಡಿ ಮೆಚ್ಚಿದ್ದು ಈರುಳ್ಳಿಯನ್ನು.

3. ಮೊಟ್ಟೆ ಹಿಡಿದುಕೊಂಡು ಒಲೆಯ ಹತ್ತಿರ ಹೋದರೆ ಬೇಯುವ ಭಯ, ದೂರ ಹೋದರೆ ಆರುವ ಭಯ. ಅರ್ಜಿದಾರಳು ಅಂಗಳದ ನಡುವೆ ನಿಂತು ಅಳುತ್ತಿರಲಾಗಿ ಅತ್ತೆಯವರು ಕರೆದು, "ಇಲ್ಲಿ ತಾರೆ" ಎಂದರು. ಹೊದಿಕೆ ಎತ್ತಿಸಿ, ಹೊಟ್ಟೆಗೂ ಬಲಗೈಗೂ ನಡುವೆ ಒಂದೊಂದಾಗಿ ಇಡಿಸಿಕೊಂಡರು.

"ಅತ್ತೆ, ಮಗ್ಗುಲು ಬದಲಿಸಿದ್ರೆ ಒಡೆದುಹೋಗ್ತವೆ."

"ಬದಲಿಸೋಕೆ ಆಗಲ್ಲ ಅಂತ ತಾನೇ ಇಷ್ಟು ದಿನ ನಾನು ಅತ್ತಿದ್ದು. ಈ ಕೆಲ್ಸಕ್ಕೆ ಹೊರಳದೋಳೇ ಬೇಕು. ಹೋಗು, ಚಹಾ ಕಾಸು. ಕೋಳಿಗೆ ಯಾರೂ ಚಹಾ ಕೊಡಲ್ಲ, ನಂಗೆ ಕೊಡು."

ಅಂದಿನಿಂದ ಅವರು ಬಲಗೈಯಿಂದ ಮೊಟ್ಟೆಗಳನ್ನು ಆಗಾಗ ತಿರುಗಿಸುತ್ತ, ನಿದ್ದೆ ಬಂದರೆ ಸೊಸೆಗೆ ತಮ್ಮ ಕೈ ಹಿಡಿದುಕೊಂಡಿರಲು ಹೇಳುತ್ತ, ಕಾವು ಕೊಟ್ಟರು. ಈ ಮನೆಗೆ ಸೊಸೆಯಾಗಿ ಬಂದಮೇಲೆ ಅರ್ಜಿದಾರಳು ಅತ್ತೆಯ ಕೈ ಹಿಡಿದಿದ್ದು ಇದೇ ಮೊದಲು. ಈ ಅಂಶ ಆಯೋಗಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬರೆಯಲಾಗಿದೆ.

4. ಇತ್ತ ಕೋಳಿಯ ಪ್ರವಾಸದ ವಿವರ. ಒಂದು ಮನೆಯಲ್ಲಿ ಅದು ಕರಿಯದಾಗಿಯೇ ಇತ್ತು. ಇನ್ನೊಂದರಲ್ಲಿ ಮೈಗೆ ಮೈದಾ ಹಿಟ್ಟು ಬಳಿದು ಬಿಳಿ ಮಾಡಲಾಯಿತು. ಮತ್ತೊಂದರಲ್ಲಿ ಅವಸರದಲ್ಲಿ ಅರ್ಧ ಒರೆಸಿದ ಕಾರಣ ಚುಕ್ಕೆ ಕೋಳಿ ಆಯಿತು. ಎಲ್ಲ ಮನೆಯ ಕೋಳಿಗಳ ಮುಖವೂ ಒಂದೇ ತರಹ ಇದೆಯಲ್ಲ ಎಂದು ತಾವು ಕೇಳಿದ್ದಕ್ಕೆ ತುರ್ದಿಮತ್ ಅವರು, "ತಳಿ ಸುಧಾರಣೆ ಸಾಹೇಬ್ರೆ, ಹೋದ ವರ್ಷದಿಂದ ಒಂದೇ ಅಚ್ಚಲ್ಲಿ ಬರ್ತಿದೆ" ಎಂದು ಉತ್ತರಿಸಿದ್ದನ್ನೂ, ಅದನ್ನು ಬರೆದುಕೊಳ್ಳಲು ತಾವು ಗುಮಾಸ್ತರಿಗೆ ಹೇಳಿದ್ದನ್ನೂ ಪಕ್ಕದ ಮನೆಯವರು ಕೇಳಿಸಿಕೊಂಡಿರುತ್ತಾರೆ. ನಮ್ಮ ಮನೆಗೆ ಒಂದು ಗೋಡೆ ಬಾಕಿ ಇರುವಾಗ ಸದರಿ ಕೋಳಿ ಅಧ್ಯಕ್ಷರ ಹೆಬ್ಬೆರಳನ್ನು ಕುಕ್ಕಿ, ಹಿಪ್ಪುನೇರಳೆ ಮರ ಹತ್ತಿ ಕೂತಿತು. ಕೆಳಗಿನಿಂದ ಸಮಿತಿಯ ಪರವಾಗಿ ಬೇಡಿಕೊಂಡರೂ ಇಳಿಯಲಿಲ್ಲ.

5. ಆದ್ದರಿಂದ ತಾವು ಅರ್ಜಿದಾರಳ ಮನೆಗೆ ಬಂದಾಗ ಅಲ್ಲಿ ಕೋಳಿ ಇರಲಿಲ್ಲ. ತಾವು ಜಗುಲಿಯಲ್ಲಿ ಕೂತು ರೊಟ್ಟಿಯನ್ನೂ ಕೆನೆಯನ್ನೂ ಸ್ವೀಕರಿಸುತ್ತಿದ್ದಿರಿ. ಗುಮಾಸ್ತ ಇಸ್ಮತ್ ಅವರು ಒಳಕೋಣೆಯ ಬಾಗಿಲಲ್ಲಿ ನಿಂತು, ಕಾಗದದಿಂದ ತಲೆಯೆತ್ತದೆ ಕೇಳಿದರು.

"ಈ ಮನೇಲಿ ಕಾವಿಗೆ ಕೂತಿರೋದು ಯಾವುದು?"

"ನಾನೇ" ಎಂದರು ಅತ್ತೆ.

"ಹೆಸರು?"

"ಒಯ್ಸುಲು."

"ಬಣ್ಣ?"

"ಒಂದು ಕಾಲಕ್ಕೆ ಕಪ್ಪು. ಈಗ ಪೂರಾ ಬಿಳಿ."

"ವಯಸ್ಸು?"

"ಎಪ್ಪತ್ತನಾಲ್ಕು."

"ವಾರಾನಾ?"

"ನಿಂಗೆ ಹೆಂಗೆ ಅನುಕೂಲವೋ ಹಂಗೆ ಬರ್ಕೋ ಮಗನೇ."

ಬರೆದುಕೊಂಡರು. ಅರ್ಜಿದಾರಳು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಅವಳ ಕಡೆ ಕಣ್ಣು ಬಿಟ್ಟ ಕಾರಣ, ಬಾಯಿ ಮುಚ್ಚಿಕೊಂಡಳು.

6. ಮರುದಿನ ನಸುಕಿನಲ್ಲಿ ಅತ್ತೆಯವರು, "ಅಂಜಿರತ್, ಯಾರೋ ಬಾಗಿಲು ತಟ್ತಿದಾರೆ" ಎಂದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊದಿಕೆಯೊಳಗೆ ಮೊಟ್ಟೆ ಬಿರಿಯುತ್ತಿತ್ತು. ಕೆಲವು ಹಾಳಾದವು, ಐದು ಮರಿ ಬಂದವು. ಅತ್ತೆಯವರ ತೋಳಿನ ಸಂದಿಯಲ್ಲಿ ಒದ್ದೆ ಮೈಯಲ್ಲಿ ಒದ್ದಾಡುತ್ತಿದ್ದ ಮೊದಲ ಮರಿಯನ್ನು ನೋಡಿ ಅವರು ನಗಲಿಲ್ಲ, ಅಳಲೂ ಇಲ್ಲ. "ನಮ್ಮಪ್ಪನ ಮನೇದು. ಕಾಲು ನೋಡು" ಎಂದರು ಅಷ್ಟೆ.

ಮರಿ ಮಾಡುವುದು ಅರ್ಧ ಕೆಲಸ, ಸಾಕುವುದು ಇನ್ನರ್ಧ. ಸಂಜೆಗೆ ಕರಿ ಹ್ಯಾಟೆ ತಾನಾಗಿ ಮರದಿಂದಿಳಿದು ಬಂದು, ಪಕ್ಕದ ಮನೆಯಿಂದ ವಾಪಸ್ ತಂದಿದ್ದ ಬುಟ್ಟಿಯಲ್ಲಿ ಕೂತಿತು. ಕತ್ತಲಲ್ಲಿ ಮರಿಗಳನ್ನು ಅದರ ರೆಕ್ಕೆಯಡಿ ಸೇರಿಸಲಾಯಿತು. ಒಂದು ಸಲ ಬಗ್ಗಿ ನೋಡಿತು. ಯಾರ ಮರಿ, ಯಾರು ಕಾವು ಕೊಟ್ಟರು, ಯಾವ ಆದೇಶದ ಮೇರೆಗೆ ಎಂದು ಕೇಳದೆ ರೆಕ್ಕೆ ಅಗಲಿಸಿತು. ಬೆಳಗ್ಗೆ ಅಂಗಳದ ತುಂಬ ನವಣೆ ಕೆದರಿ ತೋರಿಸುತ್ತಿತ್ತು.

7. ತೊಂದರೆ ಶುರುವಾದದ್ದು ಆಮೇಲೆ. ತಿಂಗಳಿಗೊಮ್ಮೆ ಅತ್ತೆಯವರನ್ನು ನೋಡಲು ಬರಬೇಕಾಗಿದ್ದ ಆಸ್ಪತ್ರೆಯ ನರ್ಸ್ ಬರಲಿಲ್ಲ. ಹಿಂದೆಯೂ ಬರುತ್ತಿರಲಿಲ್ಲವಾದರೂ, ಈ ಸಲ ಕಾರಣ ಕೊಟ್ಟರು: ಕಂಪ್ಯೂಟರಿನಲ್ಲಿ ಒಯ್ಸುಲು ಎಂಬ ಹೆಸರು ಕೋಳಿ ಇಲಾಖೆಗೆ ವರ್ಗವಾಗಿದೆ, ಒಂದು ಹೆಸರು ಎರಡು ಕಡೆ ಇರುವಂತಿಲ್ಲ. ಆದ ಕಾರಣ ಅರ್ಜಿದಾರಳು ಅತ್ತೆಯವರನ್ನು ಕೋಳಿಪಟ್ಟಿಯಿಂದ ಬಿಡಿಸಬೇಕೆಂದು ಕೋರಿ ಉಲ್ಲೇಖ (3)ರ ಅರ್ಜಿ ಸಲ್ಲಿಸಿದಳು.

8. ಅದರ ಮೇಲೆ ಚಹಾ ಆರುತ್ತಿರುವಾಗಲೇ ಪಶುವೈದ್ಯ ಸುಯುನ್ ಅವರು ಕೋಳಿಗಳಿಗೆ ಬರುವ ಕೊಕ್ಕರೆ ರೋಗದ ಹನಿ ಔಷಧಿ ಹಿಡಿದು ಮನೆಗೆ ಬಂದರು. ಅವರು ತಲೆ ನರೆತ, ಮಾತು ಕಡಿಮೆಯ ಮನುಷ್ಯ.

"ಒಯ್ಸುಲು ಅಂತ ಒಂದು ಬಿಳಿ ಕೋಳಿ. ಎಲ್ಲಿ ಕಟ್ಟಿದೀರಿ?"

ಅರ್ಜಿದಾರಳು ನಾಚಿಕೆಯಿಂದ ಒಳಕೋಣೆ ತೋರಿಸಿದಳು. ಅವರು ಮಂಚವನ್ನೂ ಕೈಯಲ್ಲಿದ್ದ ಕಾಗದವನ್ನೂ ಒಂದೊಂದು ಸಲ ನೋಡಿದರು.

"ಅಮ್ಮ, ನನ್ನ ಕಾಗದದಲ್ಲಿ ಪ್ರಶ್ನೆಗಳಿವೆ. ಭರ್ತಿ ಮಾಡದೆ ಹೋದ್ರೆ ನಂಗೆ ತೊಂದ್ರೆ ಆಗುತ್ತೆ."

"ಕೇಳಪ್ಪ. ಕೊಕ್ಕು ತೋರಿಸಬೇಕಾ?"

"ಬೇಡ. ತಿನ್ನೋದು ಸರಿಯಾಗಿದೆಯಾ? ನಿದ್ದೆ? ಕಾಲು ಊದಿದೆಯಾ? ಒಣಗಿದ ಜಾಗದಲ್ಲಿ ಇದೆಯಾ? ಬಿಸಿಲು ಬೀಳುತ್ತಾ?"

ಅತ್ತೆಯವರು ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಯ ಎರಡಕ್ಕೆ ಮಾತ್ರ ಗೋಡೆಯ ಕಡೆ ಬೆರಳು ತೋರಿಸಿದರು. ವೈದ್ಯರು ಗೋಡೆ ಮುಟ್ಟಿ ನೋಡಿ, ಕೈಗೆ ಹತ್ತಿದ ತೇವ ಒರೆಸಿಕೊಂಡು, ಠಸ್ಸೆ ಹಾಕಿದ ಹಾಳೆಯಲ್ಲಿ ಬರೆದುಕೊಟ್ಟರು: "ಒಯ್ಸುಲು ಎಂಬ ಕೋಳಿಯನ್ನು ತಕ್ಷಣ ಬೆಳಗಿನ ಬಿಸಿಲು ಬೀಳುವ ಕಡೆಗೆ ಸ್ಥಳಾಂತರಿಸತಕ್ಕದ್ದು. ತಪ್ಪಿದಲ್ಲಿ ಮಾಲೀಕರೇ ಹೊಣೆ."

ಆ ಮಂಚವನ್ನು ಜಗುಲಿಯ ಕಡೆಯ ಕೋಣೆಗೆ ಸಾಗಿಸೋಣವೆಂದು ಅರ್ಜಿದಾರಳು ಹಿಮ ಬಿದ್ದಾಗಿನಿಂದ ಗಂಡನನ್ನು ಬೇಡಿಕೊಂಡಿದ್ದಳು. ಅದು ಅತಿಥಿಗಳ ಕೋಣೆ, ಜನ ಏನಂತಾರೆ ಎಂಬುದು ಅವನ ಉತ್ತರವಾಗಿತ್ತು. ಠಸ್ಸೆ ನೋಡಿದವನೇ ಸೋಬಿರ್ ಬಸ್ಸನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ಬಂದು ಮಂಚ ಎತ್ತಿದನು. ಹೆಂಡತಿ ಹೇಳಿದರೆ ಕೇಳದ ಕಿವಿ, ಕೋಳಿಯ ವಿಚಾರವಾಗಿ ಸರ್ಕಾರ ಹೇಳಿದರೆ ಕೇಳಿತು. ಈಗ ಅತ್ತೆಯವರು ದಿಂಬಿಗೊರಗಿ ಕೂತು, ಕಿಟಕಿಯಿಂದ ತವರಿನ ಉದ್ದಗಾಲಿನ ಮರಿಗಳನ್ನು ಬೈಯುತ್ತಿರುತ್ತಾರೆ. ಸುಯುನ್ ಅವರು ಪ್ರತಿ ವಾರ ಬಂದು ಪ್ರಶ್ನೆ ಕೇಳಿ, ಚಹಾ ಕುಡಿದು ಹೋಗುತ್ತಾರೆ.

9. ಹೀಗಿರುವಾಗ, ಪಟ್ಟಿಯಿಂದ ಹೆಸರು ತೆಗೆಸಲು ಮತ್ತೆ ಜಿಲ್ಲಾ ಕೇಂದ್ರಕ್ಕೆ ಹೊರಟ ಅರ್ಜಿದಾರಳನ್ನು ಅತ್ತೆಯವರು ತಡೆದರು.

"ಯಾಕೆ ತೆಗೆಸ್ತೀಯ?"

"ಅತ್ತೆ, ನಿಮ್ಮನ್ನ ಕೋಳಿ ಅಂತ ಬರೆದಿದಾರೆ."

"ಮನುಷ್ಯಳು ಅಂತ ಬರೆದಿದ್ದಾಗ ಯಾರು ಬಂದಿದ್ರು?"

ಇದಕ್ಕೆ ಉತ್ತರ ತಮಗೆ ಹೊಳೆದಲ್ಲಿ ತಿಳಿಸಬೇಕಾಗಿ ವಿನಂತಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರಳು ತನ್ನ ಹಿಂದಿನ ಅರ್ಜಿಯನ್ನು ಹಿಂಪಡೆಯುತ್ತಾಳೆ (ಬಟ್ಟಲನ್ನು ತೆಗೆಯುವ ಅಗತ್ಯವಿಲ್ಲ) ಮತ್ತು ಒಯ್ಸುಲು ಅವರ ಹೆಸರನ್ನು ಕೋಳಿಪಟ್ಟಿಯಲ್ಲಿ ಹಾಗೆಯೇ ಮುಂದುವರಿಸಬೇಕೆಂದು ಕೋರುತ್ತಾಳೆ.

ಇದಲ್ಲದೆ ಇನ್ನೊಂದು ಕೋರಿಕೆ ಇದೆ. ಸುಯುನ್ ಅವರು ಆ ಪ್ರಶ್ನೆಗಳನ್ನು ಓದುವಾಗ ಅರ್ಜಿದಾರಳು ಬಾಗಿಲ ಬಳಿ ಚಹಾ ಹಿಡಿದು ನಿಂತಿರುತ್ತಾಳೆ. ತಿನ್ನುವುದು ಸರಿಯಾಗಿದೆಯೇ, ನಿದ್ದೆ ಬರುತ್ತದೆಯೇ, ಕಾಲು ಊದಿದೆಯೇ ಎಂದು ಈ ಮನೆಯಲ್ಲಿ ಅವಳನ್ನು ಈವರೆಗೆ ಯಾರೂ ಕೇಳಿದ್ದಿಲ್ಲ. ಕಾಲು ಊದಿದೆ. ಆದ ಕಾರಣ, ಅರ್ಜಿದಾರಳ ಹೆಸರನ್ನೂ ಸದರಿ ಪಟ್ಟಿಗೆ ಸೇರಿಸಿಕೊಂಡು ಆದೇಶ ಹೊರಡಿಸಬೇಕೆಂದು ಪ್ರಾರ್ಥನೆ. ಬಣ್ಣ: ಸದ್ಯಕ್ಕೆ ಕಪ್ಪು.

ತಮ್ಮ ಮೇಲೆ ವಿಶ್ವಾಸ ಎಷ್ಟು ಉಳಿದಿದೆಯೋ ಅಷ್ಟರ ಮಟ್ಟಿಗೆ,
ತಮ್ಮ ವಿಶ್ವಾಸಿ,
ಅಂಜಿರತ್

ಅಡಕಗಳು:
1. ಪಶುವೈದ್ಯರ ಠಸ್ಸೆ ಇರುವ ಆದೇಶದ ನಕಲು. (ಮೂಲ ಪ್ರತಿಯನ್ನು ಗಂಡನಿಗೆ ಕಾಣುವಂತೆ ಗೋಡೆಗೆ ಅಂಟಿಸಿರುವ ಕಾರಣ ಕೊಡಲಾಗುವುದಿಲ್ಲ.)
2. ಒಡೆದ ಮೊಟ್ಟೆಯ ಚಿಪ್ಪು, ಒಂದು ಚೂರು.
3. ಒಯ್ಸುಲು ಅವರ ಒಪ್ಪಿಗೆಯ ಗುರುತು: ಬಲಗೈ ಹೆಬ್ಬೆಟ್ಟು. ಕಾಲಿನದು ಬೇಕಾದಲ್ಲಿ ತಾವೇ ಬಂದು ತೆಗೆದುಕೊಳ್ಳಬೇಕಂತೆ.